ಕೂಸಿನ ಮೈಮೇಲಿನ ಹಳದಿ

ಉಗರಗೋಳಕ್ಕೆ ವರ್ಗವಾಗಿ ಬಂದ ಮೊದಲ ತಿಂಗಳಲ್ಲೇ ನನ್ನ ಎರಡು ಬಿಳಿ ಸೀರೆ ಹಾಳಾದವು. ಎಲ್ಲಮ್ಮನ ಗುಡ್ಡದ ಮಗ್ಗುಲಿನ ಊರು ಅದು. ಗುಡ್ಡಕ್ಕೆ ಹೋಗುವವರ, ಬರುವವರ ಹಣೆಯ ಮೇಲೆಲ್ಲ ಭಂಡಾರ, ಅಂದರೆ ದೇವಿಯ ಅರಿಶಿನದ ಪುಡಿ. ಬಸ್ಸಿನ ಸೀಟು, ಅಂಗಡಿಯ ಕಟ್ಟೆ, ಬಾಗಿಲ ಚೌಕಟ್ಟು, ಎಲ್ಲಿ ಕೈಯಿಟ್ಟರೂ ಹಳದಿ. ನನಗೇನೂ ಅದು ಹೊಸದಲ್ಲ. ನಮ್ಮ ಅಬ್ಬಾ ಬೈಲಹೊಂಗಲದಲ್ಲಿ ಟೆಂಪೊ ಓಡಿಸುತ್ತಿದ್ದರು. ಗುಡ್ಡದ ಬಾಡಿಗೆ ಮುಗಿಸಿ ಬಂದಾಗಲೆಲ್ಲ ಸೀಟು ಒರೆಸುವ ಕೆಲಸ ನಮ್ಮ ಪಾಲಿಗೆ ಬರುತ್ತಿತ್ತು. ಆದರೆ ಸೀಟು ಒರೆಸುವುದು ಬೇರೆ, ಆ ಊರಲ್ಲಿ ನರ್ಸ್ ಆಗಿ ಕೂಸುಗಳ ಮೈಬಣ್ಣ ನೋಡುವುದು ಬೇರೆ.

ಹೆರಿಗೆಯಾಗಿ ಮನೆಗೆ ಬಂದ ಕೂಸುಗಳನ್ನು ಮನೆಗೇ ಹೋಗಿ ನೋಡುವುದು ನನ್ನ ಕೆಲಸ. ಮೂರನೆಯ ದಿನ, ಏಳನೆಯ ದಿನ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ನಲವತ್ತೆರಡನೆಯ ದಿನ. ಚೀಲದಲ್ಲಿ ಥರ್ಮಾಮೀಟರು, ತೂಕದ ಕಾಟಾ, ಕೂಸನ್ನು ಮಲಗಿಸಿ ತೂಗಲು ಮನೆಗೊಂದರಂತೆ ಬಿಳಿ ಬಟ್ಟೆಯ ಜೋಳಿಗೆ. ಕೂಸು ಸುಮ್ಮನೆ ಮಲಗಿದಾಗ ಒಂದು ಪೂರ್ತಿ ನಿಮಿಷ ಅದರ ಉಸಿರು ಎಣಿಸಬೇಕು. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿ ಬರೆಯುವ ಜಾಣೆಯರೂ ಇದ್ದಾರೆ. ನಾನು ಅವರ ಪೈಕಿ ಅಲ್ಲ ಎಂಬ ಜಂಬ ನನಗೆ ಬಹಳ ಇತ್ತು. ಸಿಟ್ಟು ಮಾತ್ರ ಆಗಲೂ ಈಗಲೂ ಮೂಗಿನ ತುದಿಯಲ್ಲೇ ಇದೆ.

ನಾನು ಹೇಳಹೊರಟ ಮನೆಯ ಮುಂಭಾಗದಲ್ಲೇ ಅಂಗಡಿ. ಗುಡ್ಡಕ್ಕೆ ಬರುವವರಿಗೆ ತೆಂಗಿನಕಾಯಿ, ಹಸಿರು ಬಳೆ, ಭಂಡಾರ ಮಾರುತ್ತಿದ್ದರು. ವ್ಯಾಪಾರಕ್ಕೆ ಕೂರುತ್ತಿದ್ದವಳು ಮನೆಯ ಅಜ್ಜಿ. ಹಿಂದಿನ ಕೋಣೆಯಲ್ಲಿ ಅವಳ ಮಗಳು ಚೊಚ್ಚಲ ಬಾಣಂತಿ. ಹೆಣ್ಣು ಕೂಸು, ದಿನ ತುಂಬುವುದಕ್ಕೆ ಎರಡು ವಾರ ಮೊದಲೇ ಹುಟ್ಟಿತ್ತು. ಮೂರನೆಯ ದಿನ ನಾನು ಹೋದಾಗ ಅದರ ಹಣೆ, ಎದೆ, ಹೊಟ್ಟೆಗೆಲ್ಲ ಭಂಡಾರ ಬಳಿದಿದ್ದರು. ನಾನು ಅಜ್ಜಿಯನ್ನು ಕೂರಿಸಿಕೊಂಡು ಹೇಳಿದೆ: ಅಂಗಡಿಯ ಪುಡಿಯಲ್ಲಿ ಏನೇನು ಬೆರೆಸಿರುತ್ತಾರೋ, ಎಳೆಯ ಚರ್ಮಕ್ಕೆ ಆಗಿಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೂಸಿಗೆ ಕಾಮಾಲೆ ಬಂದರೆ ಈ ಹಳದಿಯ ಕೆಳಗೆ ನಮಗೆ ಕಾಣುವುದೇ ಇಲ್ಲ. ಅಜ್ಜಿ ವಾದ ಮಾಡಲಿಲ್ಲ. ಒದ್ದೆ ಬಟ್ಟೆ ತಂದು ತಾನೇ ಒರೆಸಿದಳು. ಒಂದು ಚಿಟಿಕೆ ಹಣೆಗಾದರೂ ಬೇಡವೇ ಎಂದು ಕೇಳಿದಳು. ಬೇಡ ಎಂದೆ. ಚೀಲಗಟ್ಟಲೆ ಭಂಡಾರ ಮಾರುವವಳು, ತನ್ನ ಮೊಮ್ಮಗಳಿಗೆ ಒಂದು ಚಿಟಿಕೆಯೂ ಇಲ್ಲ ಎಂದದ್ದಕ್ಕೆ ಮುಖ ಸಣ್ಣ ಮಾಡಿಕೊಂಡು ಹೂಂ ಅಂದಳು.

ಏಳನೆಯ ದಿನ ಆ ಮನೆಗೆ ಹೋಗುವಾಗಲೇ ನನ್ನ ತಲೆ ಕೆಟ್ಟಿತ್ತು. ಅದಕ್ಕೂ ಮೊದಲು ಹೋದ ಎರಡು ಮನೆಗಳಲ್ಲಿ ಬೇಡವೆಂದ ಮೇಲೂ ಕೂಸುಗಳಿಗೆ ಭಂಡಾರ ಬಳಿದು, ನಾನು ಬರುತ್ತೇನೆಂದು ಅವಸರದಲ್ಲಿ ಒರೆಸಿದ್ದರು. ಈ ಮನೆಯ ಬಾಣಂತಿ ಕೋಣೆಗೆ ಗಾಳಿ ಬರಬಾರದೆಂದು ಬಾಗಿಲಿಗೆ ಕೌದಿ ಇಳಿಬಿಟ್ಟಿದ್ದರು. ಒಳಗೆ ಲೋಬಾನದ ಹೊಗೆ, ಒಂದೇ ಒಂದು ಮಂಕು ಬಲ್ಬು. ತಲೆ, ಮೈ ಮುಚ್ಚಿದ್ದ ಕುಂಚಿಗಿ ಬಿಚ್ಚಿದೆ. ಕೂಸಿನ ಮುಖ, ಎದೆ ಹಳದಿ. ನನಗೆ ರೇಗಿಹೋಯಿತು.

"ಆಯಿ, ಹಚ್ಚಬ್ಯಾಡ್ರಿ ಅಂತ ಹೇಳಿ ಹೋದ್ರ ಮತ್ತ ಹಚ್ಚೀರೇನು? ನನ್ನ ಮಾತಿಗೆ ಕಿಮ್ಮತ್ತ ಇಲ್ಲೇನು?"

"ನಾ ಹಚ್ಚಿಲ್ರಿ ಬಾಯಾರ," ಅಂದಳು ಅಜ್ಜಿ.

ಹಾಗಾದರೆ ಗುಡ್ಡದ ಮೇಲಿಂದ ದೇವಿಯೇ ಇಳಿದು ಬಂದು ಹಚ್ಚಿ ಹೋದಳೇನು ಎಂದು ನಾನು ಕೇಳಿದೆ. ಬಾಣಂತಿ ತಲೆ ತಗ್ಗಿಸಿದಳು. ನಾನು ಉಸಿರು ಎಣಿಸಿದೆ, ಪೂರ್ತಿ ಒಂದು ನಿಮಿಷ. ಜ್ವರ ನೋಡಿದೆ. ಜೋಳಿಗೆಯಲ್ಲಿ ತೂಗಿದೆ, ತೂಕ ಏರುವುದಿರಲಿ, ಸ್ವಲ್ಪ ಇಳಿದಿತ್ತು. ಕೂಸು ಹಾಲು ಕುಡಿಯುತ್ತ ಕುಡಿಯುತ್ತಲೇ ನಿದ್ದೆ ಹೋಗುತ್ತದೆ ಎಂದು ತಾಯಿ ಹೇಳಿದಳು. ಅಂಗಾಲು ತಿಕ್ಕಿ ಎಬ್ಬಿಸಿ ಕುಡಿಸು ಎಂದು ಅವಳಿಗೂ ಎರಡು ಮಾತು ಬೈದು ಹೊರಬಿದ್ದೆ. ಚರ್ಮವನ್ನು ಬೆರಳಿನಿಂದ ಒತ್ತಿ ನೋಡಲಿಲ್ಲ. ಬೆಳಕಿಗೆ ಒಯ್ದು ನೋಡಲೂ ಇಲ್ಲ. ಹಳದಿ ಎಲ್ಲಿಂದ ಬಂತೆಂದು ಗೊತ್ತಿರುವಾಗ ನೋಡುವುದೇನಿದೆ?

ಸವದತ್ತಿಯ ಬಸ್ಸಿಗೆ ಇನ್ನೂ ಸಮಯವಿತ್ತು. ನಿಲ್ದಾಣದ ಕಟ್ಟೆಯ ಮೇಲೆ ಕೂತು, ನೋಡಿದ ಕೂಸುಗಳ ವಿವರ ಬರೆಯುವ ಪುಸ್ತಕ ತುಂಬತೊಡಗಿದೆ. ಚರ್ಮದ ಬಣ್ಣ ಎಂಬಲ್ಲಿ ಭಂಡಾರ ಹಚ್ಚಿದ್ದಾರೆ ಎಂದು ಬರೆದೆ. ಆ ಊರಿನ ಪುಸ್ತಕದಲ್ಲಿ ನನ್ನ ಹೆಬ್ಬೆರಳಿನ ಹಳದಿ ಗುರುತು ಬೀಳದ ಪುಟ ಇಲ್ಲ. ಕೂಸನ್ನು ಮುಟ್ಟಿದ ಕೈ, ಎಷ್ಟು ಒರೆಸಿಕೊಂಡರೂ ಹೋಗುವುದಿಲ್ಲ. ಬೆಳಗಿನ ಎರಡು ಮನೆಗಳ ಪುಟಗಳಲ್ಲೂ ಗುರುತಿತ್ತು. ಈ ಪುಟ ಬಿಳಿಯಾಗಿತ್ತು.

ಬೆರಳು ನೋಡಿಕೊಂಡೆ. ಈ ಮನೆಯ ಬಾಗಿಲಲ್ಲಿ ಸೋಪು ಹಚ್ಚಿ ತೊಳೆದುಕೊಂಡು ಒಳಗೆ ಹೋಗಿದ್ದೆ. ಆಮೇಲೆ ಕೂಸನ್ನು ಎತ್ತಿದ್ದೆ, ಇಳಿಸಿದ್ದೆ, ಎದೆಯ ಮೇಲೆ ಕೈಯಿಟ್ಟಿದ್ದೆ. ಬೆರಳುಗಳು ಸ್ವಚ್ಛವಾಗಿದ್ದವು. ಆ ಮನೆಗೆಂದೇ ತೆಗೆದಿದ್ದ ಒಗೆದ ಜೋಳಿಗೆಯನ್ನು ಚೀಲದಿಂದ ಎಳೆದು ಬಿಚ್ಚಿ ನೋಡಿದೆ. ಅದರಲ್ಲೂ ಒಂದು ಕಲೆಯಿಲ್ಲ. ಬಸ್ಸು ಬಂದು ನಿಂತಿತು, ಕಂಡಕ್ಟರ್ ನನ್ನ ಕಡೆ ನೋಡಿದ. ನಾನು ಎದ್ದು ಊರೊಳಗೆ ಓಡಿದೆ.

ಅಜ್ಜಿ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಭಂಡಾರ ಕಟ್ಟಿಕೊಡುತ್ತಿದ್ದಳು. ಅವಳನ್ನು ದಾಟಿ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲ ಬಿಸಿಲಿಗೆ ತಂದೆ. ಒದ್ದೆ ಬಟ್ಟೆಯಿಂದ ಹಣೆ ಒರೆಸಿದೆ. ಬಟ್ಟೆ ಹಾಗೇ ಇತ್ತು, ಹಣೆಯೂ ಹಾಗೇ ಇತ್ತು. ಎದೆಯ ಮೇಲೆ ಬೆರಳು ಒತ್ತಿ ಬಿಟ್ಟರೆ ಒತ್ತಿದ ಜಾಗ ಹಳದಿ. ಅಂಗಾಲು ನೋಡಿದೆ. ಅಂಗಾಲೂ ಹಳದಿ. ಅಂಗಾಲಿನವರೆಗೆ ಇಳಿದ ಕಾಮಾಲೆ ಎಂದರೆ ಒಂದು ಗಳಿಗೆಯೂ ಕಾಯುವ ಹಾಗಿಲ್ಲ. ಅದು ಮೆದುಳಿಗೆ ಏರಿದರೆ ಜೀವ ಉಳಿದರೂ ಕಿವಿ ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ತರಬೇತಿಯಲ್ಲಿ ಉರುಹೊಡೆದ ಪಾಠ ಅದು. ನಾಲ್ಕು ದಿನದ ಹಿಂದೆ ಅದರ ಅರ್ಧವನ್ನು ನಾನೇ ಅಜ್ಜಿಗೆ ಒಪ್ಪಿಸಿದ್ದೆ.

ಎದುರು ಮನೆಯವರ ಆಟೋದಲ್ಲಿ ಸವದತ್ತಿಯ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ತಾಯಿ ಕೂಸಿಗೆ ಹಾಲು ಕುಡಿಸಲು ನೋಡಿದಳು, ನಾನು ಅಂಗಾಲು ತಿಕ್ಕಿದೆ. ಡಾಕ್ಟರು ರಕ್ತ ತೆಗೆಸಿ, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ತಂದದ್ದು ಒಳ್ಳೆಯದಾಯಿತು, ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಆ ಹೊಗಳಿಕೆ ಕೇಳಿ ನನಗೆ ನಾಚಿಕೆಯಾಯಿತು.

ಹೊರಗೆ ಬೆಂಚಿನ ಮೇಲೆ ಅಜ್ಜಿ ಕೂತಿದ್ದಳು. ಪಕ್ಕದಲ್ಲಿ ಕೂತು, ಬೆಳಿಗ್ಗೆಯೇ ನಿಮ್ಮ ಮಾತು ನಂಬಿದ್ದರೆ ಅಷ್ಟು ಹೊತ್ತು ಉಳಿಯುತ್ತಿತ್ತು, ತಪ್ಪು ನನ್ನದು ಎಂದೆ.

"ನಿನ್ನೆ ನಾನೂ ಹಳದಿ ನೋಡಿದ್ದೆ ಬಾಯಾರ," ಅಂದಳು. "ಅಂಗಡಿ ಗಾಳಿಗಿ ಹಾರಿಬಂದು ಕುಂತೈತಿ ಅಂತ ತಿಳಕೊಂಡೆ."

ಮೂರು ದಿನ ದೀಪದ ಕೆಳಗಿದ್ದು ಕೂಸು ಮನೆಗೆ ಬಂತು. ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಪ್ರತಿ ವಾರ ಆ ಮನೆಗೆ ಹೋದಾಗ ಕೂಸನ್ನು ಮೊದಲು ಹಿತ್ತಲ ಬಾಗಿಲಿಗೆ ತರುತ್ತಿದ್ದೆ, ಆಮೇಲೆ ಉಳಿದದ್ದು. ನಲವತ್ತೆರಡನೆಯ ದಿನ ಅದರ ತಲೆಯ ಹಿಂದೆ ನಿಂತು ಸ್ಟೀಲ್ ಡಬ್ಬಿಯ ಮುಚ್ಚಳ ಬಡಿದೆ. ಕೂಸು ಬೆಚ್ಚಿ ಕೈ ಅಗಲಿಸಿ ಗಟ್ಟಿಯಾಗಿ ಅತ್ತಿತು. ಇನ್ನೊಮ್ಮೆ ಬಡಿದೆ. ತಾಯಿ ಸಾಕು ಬಿಡ್ರಿ ಎಂದು ಕೂಸನ್ನು ಎತ್ತಿಕೊಂಡಳು. ನನ್ನ ಕಣ್ಣು ತುಂಬಿದ್ದನ್ನು ತಾಯಿ, ಅಜ್ಜಿ ಇಬ್ಬರೂ ನೋಡಿದರು.

ಅಜ್ಜಿ ಒಳಗಿನಿಂದ ಒಂದು ಬಟ್ಟಲು ತಂದಳು. ಅಂಗಡಿಯ ಪುಡಿಯಲ್ಲ, ಮನೆಯಲ್ಲೇ ಅರಿಶಿನ ಕೊಂಬು ಕುಟ್ಟಿ ಸೋಸಿ, ದೇವಿಯ ಮುಂದೆ ಇಟ್ಟು ತಂದದ್ದು. ಇಷ್ಟು ದಿನ ಕೂಸಿಗೆ ಮುಟ್ಟಿಸಿಲ್ಲ, ಇನ್ನಾದರೂ ಹಣೆಗೆ ಒಂದು ಚಿಟಿಕೆ ಆದೀತೇ ಎಂದು ಕೇಳಿದಳು. ಆಗಲಿ, ಹಣೆಗಷ್ಟೇ ಹಚ್ಚಿರಿ ಎಂದೆ. ಅವಳು ಬಟ್ಟಲನ್ನು ನನ್ನ ಮುಂದೆ ಹಿಡಿದಳು.

"ನೀವ ಹಚ್ರಿ ಬಾಯಾರ. ಹಚ್ಚಿದವ್ರು ಯಾರಂತ ಈ ಸಲ ನಿಮಗರ ಗೊತ್ತಿರತೈತಿ."

ಅವಳು ನಗುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ನಾನು ಹಚ್ಚಿದೆ. ಆಮೇಲೆ ಪುಸ್ತಕ ತೆಗೆದು, ಚರ್ಮದ ಬಣ್ಣ ಎಂಬಲ್ಲಿ ಸರಿಯಾಗಿದೆ ಎಂದು ಬರೆದೆ. ಅದರ ಮುಂದೆ, ಹಣೆಯ ಭಂಡಾರ ನಾನೇ ಹಚ್ಚಿದ್ದು ಎಂದೂ ಬರೆದೆ.