ಮಳೆಯಿಲ್ಲದೆ ಬಂದ ನೆರೆ

ವಂಡ್ಸೆಯಲ್ಲಿ ನಸುಕಿನ ಬಸ್ಸು ಹತ್ತಿದವಳು ಮಂಗಳೂರಿಗೆ ಹೋಗಿ, ವಿಮಾನವೇರಿ, ಅದೇ ದಿನ ಮಸ್ಕತ್ತಿನಲ್ಲಿ ಇಳಿದೆ. ತಮ್ಮ ರತ್ನಾಕರ ಅಲ್ಲಿ ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುತ್ತಾನೆ. ಎಷ್ಟೋ ವರ್ಷಗಳಿಂದ ಕರೆಯುತ್ತಿದ್ದ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಹೊರಟೆ.

ಶುಕ್ರವಾರ ಅವನಿಗೆ ರಜೆ. ಚಪಾತಿ, ಒಣಸಿಗಡಿ ಚಟ್ನಿ, ಖರ್ಜೂರ ಕಟ್ಟಿಕೊಂಡು ಕಾರಿನಲ್ಲಿ ಹೊರಟೆವು. ಎರಡು ಗಂಟೆಯ ದಾರಿಯುದ್ದಕ್ಕೂ ಬರೀ ಬೋಳುಗುಡ್ಡ. ಡಾಂಬರು ಮುಗಿದ ಮೇಲೆ ಜಲ್ಲಿಹಾದಿಯಲ್ಲಿ ಕುಲುಕಾಡುತ್ತ ಸಾಗಿ, ದಿಣ್ಣೆಯ ಮೇಲೆ ಕಾರು ನಿಲ್ಲಿಸಿ ಕಣಿವೆಗೆ ಇಳಿದೆವು. ಇಂಥ ಕಣಿವೆಗೆ ಅಲ್ಲಿ ವಾದಿ ಎನ್ನುತ್ತಾರೆ.

ಎರಡೂ ಕಡೆ ಬಂಡೆಗೋಡೆ. ಕತ್ತು ಹಿಂದಕ್ಕೆ ಬಾಗಿಸಿದರೆ ಮಾತ್ರ ಆಕಾಶ, ಅದೂ ಒಂದು ಸೆರಗಿನಷ್ಟು ಅಗಲ. ಹುಲ್ಲುಕಡ್ಡಿಯೂ ಇಲ್ಲದ ಆ ಬಂಡೆಗಳ ಬುಡದಲ್ಲಿ ಹಸಿರುಗಾಜಿನಂಥ ತೊರೆ! ಬೊಗಸೆಯಲ್ಲಿ ಮೊಗೆದೆ, ತಣ್ಣಗಿತ್ತು. ಬೆರಳುದ್ದದ ಮೀನುಗಳು ಬಂದು ಪಾದಕ್ಕೆ ಮುತ್ತಿದವು. ಈ ಮರುಭೂಮಿಗೆ ಇವು ಎಲ್ಲಿಂದ ಬಂದವು? ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಇನ್ನೂ ಒಳಕ್ಕೆ ನಡೆದೆವು.

ಊಟ ಮುಗಿಸಿ ರತ್ನಾಕರ ತೊರೆಯ ಗುಂಡಿಯೊಂದಕ್ಕೆ ಇಳಿದು ಈಜತೊಡಗಿದ. ನಾನು ನೀರಿಗೆ ಕಾಲು ಬಿಟ್ಟು ಕುಳಿತೆ. ನೋಡುತ್ತಿದ್ದಂತೆ ನನ್ನ ಕಾಲ್ಬೆರಳುಗಳು ಕಾಣದಾದವು. ತಿಳಿನೀರು ರಾಡಿಯಾಗುತ್ತಿತ್ತು, ಒಣಕಡ್ಡಿ, ಆಡಿನ ಹಿಕ್ಕೆ ತೇಲಿಬಂದವು. ಹೊಳೆದಂಡೆಯಲ್ಲಿ ಬೆಳೆದವಳು ನಾನು, ದಡಬಡಿಸಿ ಎದ್ದೆ.

"ರತ್ನಾ, ಮೇಲ್ ಬಾ! ನೀರ್ ಕದಡ್ತಾ ಇತ್ತ್!"

"ಎಂತ ಅಕ್ಕ ನೀನ್? ಆಕಾಶ ಕಾಣ್, ಒಂದ್ ತುಂಡ್ ಮೋಡ ಇಲ್ಲ."

"ಇಲ್ಲಿ ಇಲ್ದಿರೆ ಮೇಲ್ ಗುಡ್ಡದಗೂ ಇಲ್ಯಾ? ಬಾ ಅಂದ್ರೆ ಬಾ ಮಾರಾಯ!"

ನನ್ನ ದನಿ ಕೇಳಿಯೇ ಇರಬೇಕು, ಅವನು ನೀರಿನಿಂದ ಎದ್ದು ಬಂದ. ಚೀಲ ಅಲ್ಲೇ ಬಿಟ್ಟು ಬಂಡೆ ಹತ್ತಿದೆವು. ನನ್ನ ಮಂಡಿ ಸೋತಲ್ಲೆಲ್ಲ ಅವನು ಕೆಳಗಿನಿಂದ ಭುಜ ಕೊಟ್ಟ. ಜಗಲಿಯಷ್ಟು ಜಾಗ ಸಿಕ್ಕಿ ಉಸಿರು ಬಿಡುವಷ್ಟರಲ್ಲಿ ತಿರುವಿನಾಚೆ, ಲಾರಿಗಟ್ಟಲೆ ಕಲ್ಲು ಸುರಿದಂಥ ಸದ್ದು. ಆಮೇಲೆ ಕಂದು ನೀರಿನ ಗೋಡೆ. ಬಿಸಿಲು ಹಾಗೇ ಸುಡುತ್ತಿತ್ತು, ಒಂದು ಹನಿ ಮಳೆಯಿಲ್ಲ. ನಮ್ಮ ಕಾಲ ಕೆಳಗೆ ಇಡೀ ಕಣಿವೆ ತುಂಬಿ ಹರಿಯುತ್ತಿತ್ತು. ಖರ್ಜೂರದ ಮರವೊಂದು ಬೇರುಸಮೇತ ಕೊಚ್ಚಿಹೋಯಿತು. ಅವನು ಈಜಿದ ಗುಂಡಿ ಎಲ್ಲಿತ್ತೆಂದೇ ಗೊತ್ತಾಗಲಿಲ್ಲ. ರತ್ನಾಕರ ನನ್ನ ಕೈ ಹಿಡಿದವನು ಬಿಡಲೇ ಇಲ್ಲ. ಹೆದರಿಕೆ ಇತ್ತು, ನಿಜ. ಆದರೂ ಆ ನೀರಿಗೆ ಕೈಮುಗಿಯಬೇಕೆನಿಸಿತು ನನಗೆ.

ಬಿಸಿಲು ಇಳಿಯುವ ಹೊತ್ತಿಗೆ ನೀರೂ ಇಳಿಯಿತು. ಬಂಡೆ ಹಿಡಿದುಕೊಂಡು, ಮೊಣಕಾಲುದ್ದ ಕೆಸರು ತುಳಿದು ಹೊರಬಂದೆವು.

ಕಾರಿನಲ್ಲಿ ಬಯಲಿಗೆ ಬಂದಾಗ ಹಾದಿಯ ಪಕ್ಕದಲ್ಲೇ ಅದೇ ನೀರು ಕಂಡಿತು. ಇಳಿದು ನೋಡಿದೆವು. ಒಣಮರಳಿನ ಮೇಲೆ ಹೊಳೆಯ ತುದಿ ನೊರೆ ನೂಕುತ್ತ, ನಾವು ನಡೆಯುವಷ್ಟೇ ವೇಗದಲ್ಲಿ ಮುಂದೆ ಹೋಗುತ್ತಿತ್ತು. ಅದರ ಜೊತೆಗೇ ನಡೆದೆವು. ನಮ್ಮ ಕಡೆಯ ಹೊಳೆಗಳೆಲ್ಲ ಕಡಲು ಸೇರುತ್ತವೆ. ಇದು ಬರಬರುತ್ತ ತಡವರಿಸಿತು, ಇನ್ನೊಂದು ಗೇಣು ಹರಿಯಿತು, ನಿಂತಿತು.

"ಅಕ್ಕ," ರತ್ನಾಕರ ಪಿಸುಗುಟ್ಟಿದ, "ಹೊಳಿ ಇಲ್ಲೇ ಮುಗ್ದ್ ಹೋಯ್ತ್."

ನಾನು ಬಗ್ಗಿ ಅಂಗೈ ಊರಿದೆ. ಮರಳಿನ ಕೆಳಗೆ ಅದು ಇನ್ನೂ ಇಳಿಯುತ್ತಿತ್ತು.