ಗಂಜಿ ಒಯ್ದವರ ಮಾತು

ನಮ್ಮ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವವರು ಆರು ಜನ ಹೆಂಗಸರಿದ್ದೆವು. ತೆಲುಗು ಸೀಮೆಯಲ್ಲಿ, ಉಪ್ಪಲ್ ಕಡೆಯ ಒಂದು ಕಾರ್ಖಾನೆ ಅದು, ಹೆಸರು ಬೇಡ. ಆರೂ ಜನ ಟೆಂಪರರಿ. ನಮಗೆ ರಜೆ ಎಂಬುದು ಇರಲಿಲ್ಲ. ಮೈಗೆ ಹುಷಾರಿಲ್ಲದಿದ್ದರೆ ಮಾತ್ರ ಒಂದೆರಡು ದಿನ ಮಾಫಿ. ಅದಕ್ಕೆ ಡಾಕ್ಟರ ಚೀಟಿಯನ್ನೂ ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ನಮ್ಮ ನಮ್ಮಲ್ಲೇ ಒಂದು ಪದ್ಧತಿ ಬೆಳೆದಿತ್ತು. ಒಬ್ಬಳು ಮಲಗಿದಳೆಂದರೆ ಅವಳ ಪಾಲಿನ ಹಿಟ್ಟನ್ನು ಉಳಿದ ಐವರು ಹಂಚಿಕೊಂಡು ಲಟ್ಟಿಸುವುದು. ಸಂಜೆ ಸರದಿ ಯಾರದೋ ಅವರು ಅವಳ ಮನೆಗೆ ಒಂದು ಡಬ್ಬಿ ಗಂಜಿ ಒಯ್ಯುವುದು. ಮರುದಿನ ಹಿಟ್ಟು ನಾದುವ ಹೊತ್ತಿಗೆ ಸೂಪರ್‌ವೈಜರ್ ನರಹರಿಯವರು ಹಾಜರಿ ಪುಸ್ತಕ ಹಿಡಿದು ಬಂದು, ಗಂಜಿ ಒಯ್ದವರನ್ನು "ಹ್ಯಾಂಗಿದಾಳ್ರಿ?" ಅಂತ ಕೇಳುತ್ತಿದ್ದರು. ಒಯ್ದವರು ಹೇಳಿದ್ದೇ ಚೀಟಿ.

ಆ ಮಾತಿಗೆ ಎಷ್ಟು ತೂಕವಿತ್ತು ಅಂತ ನನಗೆ ಗೊತ್ತಾಗಿದ್ದು ಸುಭದ್ರಾಳ ವಿಷಯದಲ್ಲಿ.

ಸುಭದ್ರಾ ಯಾದಗಿರಿ ಕಡೆಯವಳು. ಗಂಡ ಮಲ್ಲಣ್ಣ ಲಾರಿ ಓಡಿಸುತ್ತಿದ್ದ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಒಬ್ಬಳೇ ಮಗಳು. ಕುಷಾಯಿಗೂಡದಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲೇ ಅವರ ಒಂದು ಕೋಣೆಯ ಮನೆ. ಮೂವತ್ತೈದು ವಯಸ್ಸಿನ, ಮಾತು ಕಡಿಮೆಯ ಹೆಂಗಸು. ಆದರೆ ಕಣ್ಣಿನಲ್ಲಿ ತಕ್ಕಡಿ ಇಟ್ಟುಕೊಂಡಿದ್ದಳು. ನಾದಿಟ್ಟ ಹಿಟ್ಟಿನ ಮುದ್ದೆಯನ್ನು ದೂರದಿಂದ ನೋಡಿ, "ಇದು ನೂರಾ ಹತ್ತು ಆಗತೈತಿ ನೋಡ್ರಿ" ಅನ್ನುವಳು. ಎಣಿಸಿದರೆ ನೂರಾ ಹತ್ತೇ. ಒಮ್ಮೆ ನೂರಾ ಒಂಬತ್ತಾಯಿತು. ನಮ್ಮಲ್ಲಿ ಚಿಕ್ಕವಳಾದ ಪ್ರೇಮಾಳ ಬಾಯಿ ಜೋರು. "ಏನ್ ಅಕೌಂಟೆಂಟ್ ಬಾಯಾರ, ಒಂದು ಎಲ್ಲಿ ಹೋತು?" ಅಂತ ಕಾಡಿದಳು. ಸುಭದ್ರಾ ಸುಮ್ಮನೆ ಪ್ರೇಮಾಳ ತುಟಿಯ ಕಡೆ ಬೆರಳು ಮಾಡಿದಳು. ಅಲ್ಲಿ ಎಣ್ಣೆ ಹೊಳೆಯುತ್ತಿತ್ತು. ಲಟ್ಟಣಿಗೆ ಬಿಟ್ಟು ನಕ್ಕೆವು ನಾವು.

ಎಂಬತ್ತಾರರ ಬೇಸಿಗೆಯಲ್ಲಿ ಅವಳ ಬಲಗೈ ಮಣಿಕಟ್ಟು ಊದಿಕೊಂಡಿತು. ಬಟ್ಟೆ ಬಿಗಿದು ಕಟ್ಟಿಕೊಂಡು ಲಟ್ಟಿಸುತ್ತಿದ್ದಳು. ಅದೇ ಸಮಯಕ್ಕೆ ಕೂಪನ್ ಕೌಂಟರಿನಲ್ಲಿ ಕೂರುವ ಹಿರಿಯರು ರಿಟೈರ್ ಆಗುವವರಿದ್ದರು. ನಮ್ಮೊಳಗಿನ ಒಬ್ಬರನ್ನು ಪರ್ಮನೆಂಟ್ ಮಾಡಿ ಆ ಜಾಗಕ್ಕೆ ಕೂರಿಸುವ ಮಾತು ನಡೆದಿದೆ ಅಂತ ನರಹರಿಯವರು ಹೇಳಿದರು. ಕುರ್ಚಿ, ಫ್ಯಾನು, ಕೂಪನ್ ಹರಿದು ಕೊಡುವ ಕೆಲಸ. ಷರತ್ತು ಎರಡೇ: ಜುಲೈ ಮುಗಿಯುವುದರೊಳಗೆ ಏಳನೇ ತರಗತಿ ಪಾಸಾದ ಸರ್ಟಿಫಿಕೇಟು ತೋರಿಸಬೇಕು, ಹಾಜರಿ ಚೊಕ್ಕಟ ಇರಬೇಕು.

"ನಾ ಏಳನೇತ್ತಾ ಓದಿದ್ರ ಹಿಟ್ಟಿನಾಗ ಯಾಕ ಕೈ ಇಡತಿದ್ದೆ?" ಅಂದಳು ಪ್ರೇಮಾ. ಎಲ್ಲರೂ ನಕ್ಕೆವು. ಸುಭದ್ರಾ ನಗಲಿಲ್ಲ. ಅದು ನನಗೆ ನೆನಪಾದದ್ದು ಬಹಳ ದಿನಗಳ ಮೇಲೆ.

ಜೂನ್ ತಿಂಗಳ ಒಂದು ಮಂಗಳವಾರ ಅವಳ ಮಗಳು ಗೇಟಿನ ಹತ್ತಿರ ಬಂದು, ಅವ್ವನಿಗೆ ಜ್ವರ ಅಂತ ಹೇಳಿ ಹೋದಳು. ಅಂದು ಕಾರ್ಖಾನೆಗೆ ಯಾರೋ ದೊಡ್ಡವರು ಬರುವವರಿದ್ದರು; ಇನ್ನೂರು ಊಟ ಹೆಚ್ಚು. ಅವಳ ಪಾಲಿನ ಹಿಟ್ಟೂ ನಮ್ಮ ಮೇಲೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಗಲು ಕಳಚಿ ಬೀಳುವಂತಾಗಿತ್ತು. ಗಂಜಿಯ ಸರದಿಯೂ ನನ್ನದೇ. ನುಚ್ಚಿನ ಗಂಜಿ ಕುದಿಸಿ, ಜೀರಿಗೆ ಹಾಕಿ, ನಿಂಬೆ ಉಪ್ಪಿನಕಾಯಿಯ ಒಂದು ಹೋಳು ಮುಚ್ಚಳದಲ್ಲಿಟ್ಟು ಒಯ್ದೆ.

ಮನೆಗೆ ಕೀಲಿ ಇತ್ತು. ಪಕ್ಕದ ಮನೆಯ ತೆಲುಗಿನ ಅಜ್ಜಿ ಸೊಪ್ಪು ಸೋಸುತ್ತ ಕೂತಿದ್ದಳು. ಬೆಳಿಗ್ಗೆಯೇ ಹೋದಳು, ಹೂವು ಮುಡಿದುಕೊಂಡು ಹೋದಳು ಅಂದಳು. ದವಾಖಾನೆಗೆ ಹೋಗುವವರು ಹೂವು ಮುಡಿಯುತ್ತಾರೆಯೇ? ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತೆ.

ಐದೂವರೆಗೆ ಸುಭದ್ರಾ ಬಂದಳು. ಇಸ್ತ್ರಿ ಮಾಡಿದ ಸೀರೆ, ಬಾಡಿದ ಮಲ್ಲಿಗೆ, ಹಣೆಯಲ್ಲಿ ದೇವರ ಕುಂಕುಮ. ನನ್ನನ್ನು ಕಂಡು ಗಲ್ಲಿಯ ನಡುವೆಯೇ ನಿಂತುಬಿಟ್ಟಳು. ಆಮೇಲೆ ಬಂದು ಕೀಲಿ ತೆಗೆಯುವಾಗ ನೋಡಿದೆ, ಅವಳ ಬಲಗೈ ಬೆರಳುಗಳ ತುದಿ ನೀಲಿಗಟ್ಟಿತ್ತು. ಅದು ನೇರಳೆ ಹಣ್ಣಿನ ಕಾಲ. ಪಾರ್ಕಿನ ಬಾಗಿಲುಗಳಲ್ಲೆಲ್ಲ ಬುಟ್ಟಿ ಇಟ್ಟುಕೊಂಡು ಮಾರುತ್ತಿದ್ದರು. ನಾವು ಐವರು ಇವಳ ಹಿಟ್ಟು ಲಟ್ಟಿಸುವಾಗ ಇವಳು ಹೂವು ಮುಡಿದು, ನೆರಳಲ್ಲಿ ಕೂತು, ನೇರಳೆ ಹಣ್ಣು ತಿಂದು ಬಂದಿದ್ದಾಳೆ ಅಂತ ನನ್ನ ಮನಸ್ಸು ಆ ಕ್ಷಣದಲ್ಲೇ ತೀರ್ಮಾನ ಮಾಡಿತು.

"ಜ್ವರ ಇಳೀತೇನವಾ?" ಅಂದೆ.

"ಗಂಗಕ್ಕಾ, ಒಳಗ ಬರ್ರಿ. ಹೇಳ್ತೀನಿ."

"ಹೇಳೂದೇನೈತಿ, ಕಾಣಾಕತ್ತೈತಲ್ಲ. ಗಂಜಿ ತಣ್ಣಗಾಗೈತಿ. ಹೊಟ್ಟಿಯೊಳಗ ಜಾಗ ಇದ್ರ ಕುಡಿ."

ಅವಳ ಮುಖ ಸಣ್ಣದಾಯಿತು. "ನಾಳೆ ನರಹರಿ ಸಾಹೇಬ್ರು ಕೇಳ್ತಾರ್ರಿ. ಮಲಗಿದ್ಲು ಅಂತ ಒಂದು ಮಾತು ಹೇಳ್ರಿ. ಒಂದು ತಿಂಗಳು ತಡೀರಿ ಅಕ್ಕಾ, ನಾನ ಬಂದು ಎಲ್ಲಾ ಹೇಳ್ತೀನಿ."

"ನಿನ್ನ ಸುಳ್ಳಿಗೆ ನನ್ನ ಬಾಯಿ ಯಾಕ?" ಅಂದು, ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ.

ಗಲ್ಲಿಯ ಹೆಂಗಸರು ತಮ್ಮ ಅತ್ತೆ ಸೊಸೆಯರ ಜಗಳವನ್ನೆಲ್ಲ ನನ್ನ ಮುಂದೆ ತಂದು ಸುರಿಯುತ್ತಿದ್ದರು. ಗಂಗೂಬಾಯಿ ತಾಳ್ಮೆಯಿಂದ ಕೇಳುತ್ತಾಳೆ ಅನ್ನುತ್ತಿದ್ದರು. ಅಂದು ಒಳಗೆ ಹೋಗಿ ಚಾಪೆಯ ಮೇಲೆ ಐದು ನಿಮಿಷ ಕೂತಿದ್ದರೆ ಸಾಕಿತ್ತು.

ಮರುದಿನ ಬಸ್ಸಿನಲ್ಲಿ ಅವಳು ನನ್ನ ಪಕ್ಕವೇ ಬಂದು ಕೂತಳು. ಎರಡು ಸಲ "ಅಕ್ಕಾ" ಅಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ಹೇಳಲೋ ಬೇಡವೋ ಎಂಬ ತೂಗಾಟ ನನಗೂ ಇತ್ತು. ಅವಳ ಮಣಿಕಟ್ಟಿನ ಬಟ್ಟೆ ಕಣ್ಣಿಗೆ ಬಿದ್ದರೆ ಬೇಡ ಅನಿಸುತ್ತಿತ್ತು. ನನ್ನ ಹೆಗಲು ನೋಯುತ್ತಲೇ ಹೇಳಬೇಕು ಅನಿಸುತ್ತಿತ್ತು. ಉಪ್ಪಲ್ ಬಂತು, ಯಾವುದೂ ತೀರ್ಮಾನವಾಗಿರಲಿಲ್ಲ.

ಕ್ಯಾಂಟೀನಿನಲ್ಲಿ ಪ್ರೇಮಾ ಶುರು ಮಾಡಿಯೇ ಇದ್ದಳು. "ನನ್ನ ಕೈ ನೋಡ್ರೆವಾ, ಕೈಯಲ್ಲ ಇದು, ಬಾಳೆಕಾಯಿ! ಸುಭದ್ರಕ್ಕ, ಒಂದ ದಿನದಾಗ ಜ್ವರ ಹೋತಲ್ಲ, ಯಾವ ಡಾಕ್ಟರು? ನಮಗೂ ಹೇಳ್ರಿ, ನಾವೂ ಹೋಗ್ತೀವಿ."

ಅಷ್ಟರಲ್ಲಿ ನರಹರಿಯವರು ಬಂದರು. "ಗಂಗೂಬಾಯಿ, ಹ್ಯಾಂಗಿತ್ರಿ ನಿನ್ನೆ ನಿಮ್ಮ ಪೇಶಂಟು?" ನಗುತ್ತಲೇ ಕೇಳಿದರು. ಪೆನ್ನಿನ ಮುಚ್ಚಳವನ್ನೂ ತೆಗೆದಿರಲಿಲ್ಲ.

ಸುಭದ್ರಾ ನನ್ನ ಎದುರಿಗೇ ಹಿಟ್ಟಿನೊಳಗೆ ಕೈ ಇಟ್ಟು ನಿಂತಿದ್ದಳು. ನಾದುವುದು ನಿಂತಿತ್ತು.

"ಮನೀಗೆ ಕೀಲಿ ಇತ್ರಿ" ಅಂದೆ.

"ಹಾಂ?"

"ಸಂಜಿಮುಂದ ಬಂದ್ಲು. ಹೂವ ಮುಡಕೊಂಡಿದ್ಲು."

ಪ್ರೇಮಾ "ಅವ್ವಯ್ಯ" ಅಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನರಹರಿಯವರ ನಗು ಇಳಿಯಿತು. ಸುಭದ್ರಾಳ ಕಡೆ ನೋಡಿ, "ಏನವಾ, ಎಲ್ಲಿಗೆ ಹೋಗಿದ್ದಿ?" ಅಂತ ಕೇಳಿದರು. ಅವಳು ತಲೆ ತಗ್ಗಿಸಿ ಮತ್ತೆ ನಾದತೊಡಗಿದಳು. ಅವರು ಪೆನ್ನಿನ ಮುಚ್ಚಳ ತೆಗೆದರು. ಅವಳ ಹೆಸರಿನ ಮುಂದೆ ಗೈರುಹಾಜರಿ ಬರೆದುಕೊಂಡರು.

ಹೊರಗೆ ನಳದ ಹತ್ತಿರ ಸಿಕ್ಕಾಗ ನನಗೆ ಅಂದರು: "ನನಗೊಬ್ಬಾವಗೇ ಬದಿಗೆ ಕರೆದು ಹೇಳಿದ್ರ ಬೈದು ಬಿಟ್ಟುಬಿಡ್ತಿದ್ದೆ. ಎಲ್ಲಾರ ಮುಂದ ಅಂದ್ರಿ. ಬರೀದೇ ಹ್ಯಾಂಗಿರ್ಲಿ?"

ಆಗಸ್ಟಿನಲ್ಲಿ ಕೂಪನ್ ಕೌಂಟರಿಗೆ ಹೊರಗಿನವಳೊಬ್ಬಳು ಬಂದು ಕೂತಳು.

ಸೆಪ್ಟೆಂಬರಿನಲ್ಲಿ ನಾನು ಟೈಫಾಯಿಡಿಗೆ ಬಿದ್ದೆ. ಒಂದು ಸಂಜೆ ಗಂಜಿಯ ಡಬ್ಬಿ ಹಿಡಿದು ಬಂದವಳು ಸುಭದ್ರಾ. ಸರದಿ ಅವಳದಾಗಿತ್ತು. ಬೇರೆಯವರ ಕೈಯಲ್ಲಿ ಕಳಿಸಬಹುದಿತ್ತು, ಕಳಿಸಲಿಲ್ಲ. ನನ್ನನ್ನು ಎಬ್ಬಿಸಿ, ಗೋಡೆಗೆ ಒರಗಿಸಿ, "ಉಪ್ಪು ಸರಿ ಐತೇನ್ರಿ?" ಅಂತ ಕೇಳಿ ಕುಡಿಸಿದಳು. ದಿಂಬಿನ ಪಕ್ಕ ಔಷಧದ ಬಾಟಲಿ ಇತ್ತು. ಅದರ ಮೇಲೆ ಕಂಪೌಂಡರ್ ತೆಲುಗಿನಲ್ಲಿ ಬರೆದು ಅಂಟಿಸಿದ ಚೀಟಿ ನನಗೆ ಓದಲು ಬರುತ್ತಿರಲಿಲ್ಲ. ಸುಭದ್ರಾ ಎತ್ತಿಕೊಂಡು ಸರಾಗ ಓದಿದಳು. "ದಿನಕ್ಕ ಮೂರು ಸಲ, ಒಂದೊಂದು ಚಮಚ. ಐದು ಮಿಲಿ ಅಂದ್ರ ಮೂರೈದ್ಲಿ ಹದಿನೈದು. ತೊಂಬತ್ತರ ಬಾಟ್ಲಿ ಇದು. ಆರು ದಿನ ಬರತೈತ್ರಿ. ಸೋಮವಾರ ಮತ್ತೊಂದು ತರಿಸ್ರಿ."

"ಓದಾಕ ಯಾವಾಗ ಕಲತಿ?"

ಅವಳು ಬಾಟಲಿಯನ್ನು ಇದ್ದಲ್ಲೇ ಇಟ್ಟಳು. "ಏಳನೇತ್ತಾ ಕಟ್ಟಿದ್ದೆ ಅಕ್ಕಾ. ಮಗಳ ಪುಸ್ತಕದಾಗ ಕಲತೆ. ಹೋದ ವರ್ಷ ಕಾರ್ಖಾನೆ ಮುಚ್ಚಿದ್ದ ವಾರದಾಗ ಬರದೆ, ಎಲ್ಲಾ ಪಾಸಾತು, ಲೆಕ್ಕ ಒಂದು ಉಳೀತು. ಒಂದು ತೊಟ್ಟಿಗೆ ಎರಡು ನಳ ಅಂತ್ರಿ, ಒಂದು ತುಂಬತೈತಿ, ಒಂದು ಖಾಲಿ ಮಾಡತೈತಿ. ಯಾವ ಹುಚ್ಚ ಹಂಗ ನಳ ಬಿಡ್ತಾನ ಅಂತ ವಿಚಾರ ಮಾಡ್ಕೋತ ಕೂತೆ, ಗಂಟಿ ಹೊಡೀತು." ನಕ್ಕಳು. ನನಗೂ ನಗು ಬಂತು.

"ಅವತ್ತು ಮಂಗಳವಾರ..." ಅಂದೆ.

"ಲೆಕ್ಕದ ಪರೀಕ್ಷಿ ಇತ್ರಿ. ಪಾಸಾಗ್ತೀ ಅವ್ವಾ ಅಂತ ಮಗಳು ಹೂವ ಮುಡಿಸಿದ್ಲು."

"ಕೈಯಾಗ ನೇರಳೆ ಹಣ್ಣಿಂದು..."

"ಎಲ್ಲಿ ಹಣ್ಣು ಅಕ್ಕಾ? ಮಗಳದು ಹಳೇ ಪೆನ್ನು. ಭಾಳ ಸೋರತೈತಿ."

ನಾನು ಮೂರನೆಯವರೆಗೆ ಕಲಿತದ್ದು ಪಾಟಿಯ ಮೇಲೆ. ಬಳಪ ಬೆರಳಿಗೆ ಬಿಳಿ ಹಚ್ಚುತ್ತದೆ. ಹೆಂಗಸಿನ ಬೆರಳಿಗೆ ಶಾಯಿ ಹತ್ತಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ನೇರಳೆ ತಿಂದವರ ನಾಲಿಗೆಯೂ ನೀಲಿಯಾಗಿರುತ್ತದೆ. ಅಂದು ಅವಳು ನನ್ನ ಮುಂದೆ ಬೇಡಿಕೊಳ್ಳುವಾಗ ನಾನು ಬೆರಳು ನೋಡುತ್ತಿದ್ದೆ, ಬಾಯಿ ನೋಡಲಿಲ್ಲ.

"ಪಾಸಾತೇನು?" ಅಂದೆ.

"ಐವತ್ತೆರಡು ಬಂದಾವ್ರಿ. ಸರ್ಟಿಫಿಕೇಟು ಟ್ರಂಕಿನಾಗೈತಿ."

"ಎಲ್ಲಾರ ಮುಂದ ಹೇಳಬಾರದಿತ್ತೇನ, ಹುಚ್ಚಿ?"

"ಮತ್ತ ಫೇಲಾಗಿದ್ರ ಪ್ರೇಮಾ ನನ್ನ ಬದುಕಾಕ ಬಿಡತಿದ್ಲೇನ್ರಿ? ಮತ್ತ ಜ್ವರ ಅಂದಿದ್ದು ಸುಳ್ಳ ಹೌದಲ್ಲ. ನೀವು ಖರೇನ ಹೇಳೀರಿ."

ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಡಬ್ಬಿ ತೊಳೆದುಕೊಂಡು ಹೋದಳು.

ಎದ್ದು ಓಡಾಡುವಂತಾದ ಕೂಡಲೇ ನರಹರಿಯವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೂಪನ್ ಕೌಂಟರಿನ ಕಡೆ ಕೈ ತೋರಿಸಿದರು. "ಈಗ ಏನ್ ಮಾಡ್ಲಿಕ್ಕೆ ಬರ್ತದ್ರಿ, ಗಂಗೂಬಾಯಿ? ಆ ಹುಡುಗಿನ್ನ ಎಬ್ಬಿಸ್ಲಿಕ್ಕೆ ಬರ್ತದೇನು?" ಅಂದರು. ಆ ಹುಡುಗಿ ಗಾಜಿನ ಹಿಂದೆ ಕೂತು ಕೂಪನ್ ಹರಿಯುತ್ತಿದ್ದಳು. ಅವಳದೇನೂ ತಪ್ಪಿರಲಿಲ್ಲ.

ಸುಭದ್ರಾ ಮತ್ತೆ ನಾಲ್ಕು ವರ್ಷ ಲಟ್ಟಿಸಿದಳು. ಬಲಗೈ ಆಗದಾದಾಗ ಎಡಗೈಗೆ ಒತ್ತು ಕೊಟ್ಟು ಲಟ್ಟಿಸಿದಳು. ಚಪಾತಿ ಒಂದು ಕಡೆ ದಪ್ಪ ಬರುತ್ತಿತ್ತು. ಆಮೇಲೆ ಅದೂ ಆಗದೆ, ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಯಾದಗಿರಿಗೆ ಹೋದಳು.

ಗಂಜಿ ಒಯ್ಯುವ ಸರದಿ ನನಗೆ ಆಮೇಲೆ ಎಷ್ಟೋ ಸಲ ಬಂತು. ಪ್ರತಿ ಸಲವೂ ಒಳಗೆ ಹೋಗಿ ಕೂತು, ಅವರು ಹೇಳುವುದನ್ನೆಲ್ಲ ಕೇಳಿ ಬಂದೆ. ಕೀಲಿ ಇದ್ದರೆ ಕಟ್ಟೆಯ ಮೇಲೆ ಡಬ್ಬಿ ಇಟ್ಟು ಬಂದೆ. ಮರುದಿನ "ಮಲಗ್ಯಾಳ್ರಿ" ಅಂದೆ. ಸುಭದ್ರಾಳ ಮನೆಗೆ ಒಯ್ಯುವುದು ಮಾತ್ರ ಮತ್ತೆ ಬರಲಿಲ್ಲ. ಆ ನಾಲ್ಕು ವರ್ಷ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮೈ ಸುಡುವ ಜ್ವರವಿದ್ದಾಗಲೂ ಬಂದು, ನನ್ನ ಎದುರಿಗೆ ನಿಂತು ಲಟ್ಟಿಸಿ ಹೋದಳು.