ಗಾಜಿನ ಎಳೆಗೆ ಗೌರವ್ವನ ಬೇಡಿಕೆ

“ಮಗಳು ಸುಮ್ಮನಾದ್ಲಂದ್ರ, ಅಳಾಕತ್ತಾಳೋ ಇಲ್ಲೋ ಗೊತ್ತಾಗಬೇಕ್ರೀ ಯಪ್ಪಾ!”

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಆಪರೇಟರ್ ಆಗಿದ್ದ ವಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಹೀಗೆಂದವಳು ತಿಕೋಟಾದ ಗೌರವ್ವ. ಸೊಲ್ಲಾಪುರಕ್ಕೆ ಕೊಟ್ಟ ಮಗಳಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದಳು. ಅಂದು ಬಂದಿದ್ದ ಇಂಜಿನಿಯರ್, ಮುಂದೆ ಮಾತು ಗಾಜಿನ ಎಳೆಯಲ್ಲಿ ಬೆಳಕಾಗಿ ಓಡುತ್ತದೆ, ಆ ಲೈನ್ ಹೇಗಿರಬೇಕು ಹೇಳಿ ಎಂದು ಎಲ್ಲರನ್ನೂ ಕೇಳಿದ್ದರು. ಅವರ ನೋಟ್‌ಬುಕ್ಕಿನಲ್ಲಿ ಆಬ್ಜೆಕ್ಟಿವ್ಸ್ ಎಂಬ ಹೆಡಿಂಗ್ ಕೆಳಗೆ ಆಗಲೇ ಸ್ಪೀಡ್, ಡಿಸ್ಟೆನ್ಸ್ ಎಂದು ಬರೆದಾಗಿತ್ತು.

“ಅದನ್ನು ಮೆಷರ್ ಮಾಡೋದು ಹೇಗಮ್ಮ?” ಎಂದು ಇಂಜಿನಿಯರ್ ನಕ್ಕರು. ಗೌರವ್ವನ ಉತ್ತರವನ್ನು ಬರೆದುಕೊಳ್ಳಲಿಲ್ಲ.

ಈಗ ಜಲನಗರದ ನನ್ನ ಮನೆಗೂ ಆ ಗಾಜಿನ ಎಳೆಯ ಫೈಬರ್ ಬಂದಿದೆ. ಲೈನ್ ಸೋ ಕ್ಲಿಯರ್! ನಾನು ಸುಮ್ಮನಾದರೆ ಅದೂ ಆ ಕಡೆ ಕೇಳಿಸೀತು. “ಯಾಕ ಸುಮ್ಮನಾದಿ?” ಎಂದು ಕೇಳುವವರು ಮಾತ್ರ ಇಲ್ಲ.